ಸೈಕಲ್ಲಿನ ಸಡಿಲ ಗಾಲಿ

ಬಸ್ಸು ಲಾರಿಗಳ ನಡುವೆ ಸಾಗುವಾಗ ಸೈಕಲ್ಲಿನ ಮುಂಗಾಲಿ ಅಲುಗಿತೆಂದರೆ ಪ್ರಾಣಕ್ಕೇ ಅಪಾಯ. ಆದರೂ ನಾವು ದೋಷವನ್ನರಿಯದೆ ಹೊರಗಣ ನಟ್ಟನ್ನೇ ಬಿಗಿದು ಸುಮ್ಮನಾಗುತ್ತೇವೆ.

ಗಾಲಿಯನ್ನು ನೆಲದಿಂದೆತ್ತಿ, ಅಂಚನ್ನು ಹಿಡಿದು ಎಡಬಲಕ್ಕೆ ದೂಡಿ ನೋಡೋಣ. ಅಚ್ಚೂ ಜೊತೆಗೆ ಅಲುಗಿದರೆ ನಟ್ಟು ಸಡಿಲ. ಅಚ್ಚು ಸ್ಥಿರವಾಗಿದ್ದು ಗಾಲಿ ಮಾತ್ರ ಕಟಕಟನೆ ಆಡಿದರೆ, ಒಳಗಿನ ಉಕ್ಕಿನ ಗುಂಡುಗಳನ್ನು ಒತ್ತಿ ಹಿಡಿದಿರುವ ಕೋನು ಸಡಿಲಗೊಂಡಿದೆ. ಇವೆರಡೂ ಇಲ್ಲದೆ, ತಿರುಗುವಾಗ ಮಾತ್ರ ಓಲಾಡಿದರೆ ಕಡ್ಡಿಗಳ ಬಿಗಿತ ಸಮವಾಗಿಲ್ಲ. ಅದು ನುರಿತ ಕೈಗಳ ಕೆಲಸ.

ಕೋನಿನ ವಿಷಯದಲ್ಲಿ ಅವಸರ ಸಲ್ಲದು. ನಟ್ಟನ್ನು ಸಡಿಲಿಸಿ, ತೆಳುವಾದ ಪಾನಾದಿಂದ ಕೋನನ್ನು ತುಸುವೇ ತಿರುಗಿಸಿ, ನಟ್ಟನ್ನು ಬಿಗಿದು, ಮತ್ತೆ ದೂಡಿ ನೋಡಬೇಕು. ಅತಿಯಾಗಿ ಬಿಗಿದರೆ ಗುಂಡುಗಳು ಬೇಗ ಸವೆಯುವುವು. ಹದವಾಗಿ ಕುಳಿತ ಗಾಲಿಯನ್ನು ಎತ್ತಿಹಿಡಿದರೆ, ವಾಲ್ವಿನ ಭಾರಕ್ಕೇ ಅದು ಮೆಲ್ಲಗೆ ತಿರುಗಿ, ವಾಲ್ವು ಕೆಳಗೆ ಬಂದು ನಿಲ್ಲುವುದು.