ಕೊಪ್ಪದ ಬಸ್ ನಿಲ್ದಾಣದಿಂದ ಸೋಗಾನೆಯ ರನ್‌ವೇಗೆ

ಶಿವಮೊಗ್ಗದ ವಿಮಾನ ನಿಲ್ದಾಣ ನೋಡಲು ಹೊರಟವನು ಕೊಪ್ಪದ ಬಸ್ ನಿಲ್ದಾಣದಲ್ಲಿ ಕೊಂಚ ನಿಲ್ಲಬೇಕು. ಮುಚ್ಚಿಹೋದ ಖಾಸಗಿ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದ್ದು ಈ ಊರಿನಲ್ಲಿ. ಘಟ್ಟದ ಒಳಹಳ್ಳಿಗಳಿಗೂ ಹೋಗುತ್ತಿದ್ದ ಆ ಬಸ್ಸುಗಳು ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ನಿಂತವು. ಜನ ಕಡಿಮೆ ಇರುವ ದಾರಿಯ ಖರ್ಚು ಯಾರು ಹೊರಬೇಕು? ಆಕಾಶದಲ್ಲೂ ಪ್ರಶ್ನೆ ಇದೇ.

ನರಸಿಂಹರಾಜಪುರ ದಾಟಿ, ಮುತ್ತಿನಕೊಪ್ಪದ ಕಾಡುದಾರಿ ಹಿಡಿದು ಶಿವಮೊಗ್ಗದ ಮಗ್ಗುಲಿನ ಸೋಗಾನೆಗೆ ಬಂದೆ. ಅರಳಿದ ಕಮಲದ ಆಕಾರದ ಟರ್ಮಿನಲ್, ಹಿಂದೆ 3,200 ಮೀಟರ್ ರನ್‌ವೇ. ರಾಜ್ಯದಲ್ಲಿ ಇದಕ್ಕಿಂತ ಉದ್ದದ್ದು ಬೆಂಗಳೂರಿನಲ್ಲಿ ಮಾತ್ರ. ಹೆಸರು ಕುವೆಂಪು ಅವರದು. ಅವರು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದು ಎಂಬುದನ್ನು ನಮ್ಮ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳಬಹುದು. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಇಂಡಿಗೊ ವಿಮಾನ ಇಲ್ಲಿ ಇಳಿಯಿತು.

ಇಷ್ಟು ತಡವೇಕೆ? 1953ರ ಕಾಯ್ದೆಯಿಂದ ಸರ್ಕಾರದ ಕೈಯಲ್ಲೇ ಇದ್ದ ವಿಮಾನಯಾನ 1994ರಲ್ಲಿ ಖಾಸಗಿಯವರಿಗೆ ಪೂರ್ತಿ ತೆರೆದುಕೊಂಡಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿ, ಸಾಮಾನ್ಯರೂ ವಿಮಾನದ ಟಿಕೆಟ್ ಕೊಳ್ಳಬಹುದು ಎಂದು ತೋರಿಸಿದರು. ಅದು ನಿಜವಾದ ಉಪಕಾರ. ಪೈಪೋಟಿಯಲ್ಲಿ ಬಿದ್ದವರೂ ಕಡಿಮೆಯಿಲ್ಲ: ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು, ಕಿಂಗ್‌ಫಿಷರ್ 2012ರಲ್ಲಿ ನಿಂತಿತು, 2019ರಲ್ಲಿ ಜೆಟ್ ಏರ್‌ವೇಸ್. ಆದರೆ ನನ್ನ ತಕರಾರು ಬೇರೆ. ವಿಮಾನಗಳು ಬಹುಪಾಲು ಜನ ತುಂಬುವ ಊರುಗಳ ನಡುವೆಯೇ ಓಡಾಡಿದವು. ಈಶಾನ್ಯ, ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಕ್ಕೆ ಇಂತಿಷ್ಟು ಹಾರಲೇಬೇಕೆಂದು ಸರ್ಕಾರ ಕಂಪನಿಗಳಿಗೆ ಕಟ್ಟಳೆ ಹಾಕಿತು. ಮಲೆನಾಡಿನಂಥ ಒಳನಾಡಿಗೆ ಅಂಥ ಪ್ರತ್ಯೇಕ ರಕ್ಷಣೆ ಸಿಗಲಿಲ್ಲ. ಅಮೆರಿಕ 1978ರಲ್ಲಿ ವಿಮಾನ ಕಂಪನಿಗಳ ಕಟ್ಟು ಬಿಚ್ಚಿದಾಗ, ಅದೇ ಕಾಯ್ದೆಯಲ್ಲಿ ಸಣ್ಣ ಊರುಗಳ ಸೇವೆಗೆ ಸಹಾಯಧನವನ್ನೂ ಬರೆದಿಟ್ಟಿತ್ತು. ನಮ್ಮಲ್ಲಿ ಉಡಾನ್ ಯೋಜನೆಗೆ 2016ರವರೆಗೆ ಕಾಯಬೇಕಾಯಿತು.

ಉಡಾನ್ ನಡೆಯುವ ಬಗೆ ಸರಳ. ದೊಡ್ಡ ಮಾರ್ಗಗಳಲ್ಲಿ ಹಾರುವ ವಿಮಾನಗಳಿಂದ ಸುಂಕ ಎತ್ತಿ, ಸಣ್ಣ ಊರಿನ ಮಾರ್ಗದ ನಷ್ಟ ತುಂಬುತ್ತಾರೆ. ರಾಜ್ಯವೂ ಪಾಲು ಹಾಕುತ್ತದೆ. ಬದಲಿಗೆ ಒಂದಷ್ಟು ಸೀಟುಗಳ ದರಕ್ಕೆ ಮಿತಿ ಇರುತ್ತದೆ. 2023ರ ನವೆಂಬರಿನಲ್ಲಿ ಸ್ಟಾರ್ ಏರ್ ಇಲ್ಲಿಂದ ಹೈದರಾಬಾದ್, ಗೋವಾ, ತಿರುಪತಿಗೆ ಹಾರಿದ್ದು ಈ ಏರ್ಪಾಟಿನಲ್ಲೇ. ದೆಹಲಿಗೆ ಹೋಗುವವನ ಟಿಕೆಟ್ಟಿನಿಂದ ಮಲೆನಾಡಿನ ವಿಮಾನಕ್ಕೆ ಆಸರೆ ಸಿಗುವುದು ಭಿಕ್ಷೆಯಲ್ಲ, ನ್ಯಾಯ ಎಂದೇ ನಾನು ತಿಳಿದಿದ್ದೇನೆ. ಶೃಂಗೇರಿಗೆ ದೂರದಿಂದ ಬರುವ ಭಕ್ತರಿಗೂ ನರಸಿಂಹರಾಜಪುರದಿಂದ ಆಸ್ಪತ್ರೆಗೆಂದು ಹೈದರಾಬಾದಿಗೆ ಹೊರಟವರಿಗೂ ಇದು ಬೇಕು.

ಆದರೆ ಆ ನೆರವಿನ ಅವಧಿ ಮಾರ್ಗಕ್ಕೆ ಮೂರೇ ವರ್ಷ. ಆಮೇಲೆ ಸೀಟು ತುಂಬದಿದ್ದರೆ ಕಂಪನಿ ಹೊರಟುಹೋಗಬಹುದು, ತಡೆಯುವ ಕಾನೂನಿಲ್ಲ. ನಿಲ್ದಾಣ ರಾಜ್ಯ ಸರ್ಕಾರದ್ದು. ನಾಲ್ಕನೆಯ ವರ್ಷದ ಹಣವನ್ನು ಅದು ಈಗಲೇ ಬಜೆಟ್ಟಿನಲ್ಲಿ ತೆಗೆದಿಡಬೇಕು.