ನಾಳೆ ತಂದಿಟ್ಟರಾಯಿತು!

ಯುಗಾದಿಯ ಮರುದಿನ ಹೊಸತೊಡಕು. ಮಂಡ್ಯ, ಹಾಸನ, ರಾಮನಗರ ಕಡೆಯ ಹಳ್ಳಿಗಳಲ್ಲಿ ಅಂದು ಮನೆಯೊಳಗೆ ಬಾಡೂಟದ ಘಮಲು. ಹೊರಗೆ ಅರಳಿಕಟ್ಟೆಯ ಮೇಲೆ, ತೋಪಿನ ನೆರಳಲ್ಲಿ ಇಸ್ಪೀಟು. ಅಪ್ಪನ ಎದುರು ಬೀಡಿ ಸೇದಲು ಅಂಜುವ ಹುಡುಗನೂ ಅಂದು ಅಪ್ಪನ ಪಕ್ಕದಲ್ಲೇ ಕುಳಿತು ಎಲೆ ಹಾಕುತ್ತಾನೆ. ಹಣ ಕಟ್ಟಿ ಆಡಿದರೆ ಕಾನೂನಿನ ಲೆಕ್ಕದಲ್ಲಿ ಅದೂ ತಪ್ಪೇ. ಊರು ಮಾತ್ರ ಅದನ್ನು ಹಬ್ಬದ ಲೆಕ್ಕಕ್ಕೆ ಸೇರಿಸಿಕೊಂಡಿದೆ. ಆ ಆಟಕ್ಕೆ ಒಂದು ಮಿತಿಯೂ ಉಂಟು. ಕತ್ತಲಾದರೆ, ಇಲ್ಲವೇ ಜೇಬು ಬರಿದಾದರೆ ಮುಗಿಯಿತು. ಸೋತವನಾರು ಎಂಬುದು ಸಂಜೆಯೊಳಗೆ ಇಡೀ ಊರಿಗೆ ಗೊತ್ತು!

ವರ್ಷವಿಡೀ ನಡೆಯುವ ಜೂಜಿನ ಕಥೆಯೇ ಬೇರೆ. ಕರ್ನಾಟಕದಲ್ಲಿ ಓಸಿ ಎಂದು ಹೆಸರಾದ ಮಟ್ಕಾ ಹುಟ್ಟಿದ್ದು ಮುಂಬಯಿಯ ಹತ್ತಿ ಪೇಟೆಯಲ್ಲಿ. ನ್ಯೂಯಾರ್ಕಿನಿಂದ ತಂತಿಯ ಮೂಲಕ ಬರುತ್ತಿದ್ದ ಹತ್ತಿ ಧಾರಣೆ ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂಬುದರ ಮೇಲೆ ಬಾಜಿ. ಓಪನ್, ಕ್ಲೋಸ್, ಅದೇ ಓಸಿ. 1961ರಲ್ಲಿ ಆ ಧಾರಣೆ ಬರುವುದು ನಿಂತಿತು. ಮಡಕೆಯೊಳಗಿನ ಚೀಟಿ ಎತ್ತಿ ಅಂಕಿ ಸಾರುವ ಪದ್ಧತಿ ಶುರುವಾಯಿತು. ಹತ್ತಿ ಹೋಯಿತು, ಜೂಜು ಉಳಿಯಿತು. ಕೂಲಿಯವರ ಸಂಜೆಯ ಬಟವಾಡೆಯನ್ನು ನುಂಗುತ್ತಿದ್ದ ಲಾಟರಿಯನ್ನು ರಾಜ್ಯ ಸರ್ಕಾರ 2007ರಲ್ಲಿ ನಿಲ್ಲಿಸಿತು. ಓಸಿ ಚೀಟಿ ಬರೆಯುವವರು ಮಾತ್ರ ಪೊಲೀಸರ ಕೈಗೆ ಸಿಕ್ಕಿಬೀಳುತ್ತಲೇ ಇದ್ದಾರೆ.

ಮೊಬೈಲ್ ಬಂದ ಮೇಲೆ ಕಟ್ಟೆಯೂ ಬೇಡ, ಚೀಟಿಯೂ ಬೇಡ ಎಂದಾಯಿತು. ಪಂದ್ಯ ಗೆಲ್ಲುವವರು ಯಾರು ಎಂಬಲ್ಲಿಗೇ ನಿಲ್ಲದೆ ಮುಂದಿನ ಓವರಿನಲ್ಲಿ ಎಷ್ಟು ರನ್ ಎಂಬಲ್ಲಿಯವರೆಗೆ ಬಾಜಿ ಬೆಳೆಯಿತು. ಹಾಸಿಗೆಯಲ್ಲಿ ಮಲಗಿಕೊಂಡೇ, ಪಕ್ಕದಲ್ಲಿ ತಮ್ಮ ನಿದ್ದೆ ಮಾಡುತ್ತಿರುವಾಗಲೇ ಆಡಬಹುದು. ಜೇಬು ಬರಿದಾದರೆ ಸಾಲ ಕೊಡುವ ಆ್ಯಪ್ ಅದೇ ಫೋನಿನಲ್ಲಿದೆ. ಸೋತದ್ದು ಊರಿಗಿರಲಿ, ಪಕ್ಕದ ಹಾಸಿಗೆಗೂ ತಿಳಿಯುವುದಿಲ್ಲ. ಮೊದಲ ಸಂಬಳ, ಸ್ವಂತ ಬ್ಯಾಂಕ್ ಖಾತೆ, ಕೇಳುವವರಿಲ್ಲದ ಬಾಡಿಗೆ ಕೋಣೆ ಇವೆಲ್ಲ ಒಟ್ಟಿಗೆ ಕೈಗೆ ಬರುವುದು ಇಪ್ಪತ್ತರ ಆಸುಪಾಸಿನಲ್ಲಿ. ದುಡುಕನ್ನು ತಡೆದು ನಿಲ್ಲಿಸುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ ಎನ್ನುತ್ತದೆ ವಿಜ್ಞಾನ. ನಡುವಿನ ಆ ಐದಾರು ವರ್ಷಗಳೇ ಅಪಾಯದ ಕಾಲ.

ಜೂಜುಕೋರನನ್ನು ಆಡಿಸುವುದು ದುರಾಸೆ ಎಂಬುದು ರೂಢಿಯ ಮಾತು. ಮೊದಮೊದಲು ಅದು ನಿಜವೂ ಹೌದು. ಚಟ ಹತ್ತಿದ ಮೇಲೆ ಅವನನ್ನು ಓಡಿಸುವುದು ಸೋಲು. ಐದು ಸಾವಿರ ಹೋಯಿತೆಂದರೆ ಅದನ್ನು ವಾಪಸು ಪಡೆಯಲು ಹತ್ತು ಸಾವಿರ ಕಟ್ಟಬೇಕು. ಅದಕ್ಕೆ ಹಣ? ಅಮ್ಮನ ಎರಡೆಳೆ ಸರ ಬೀರುವಿನಿಂದ ಗಿರವಿ ಅಂಗಡಿಗೆ ಹೋಗುವುದು ಈ ಹಂತದಲ್ಲಿ. ಕಾಲೇಜಿನ ಫೀಜು, ಗೆಳೆಯನ ಬೈಕು, ಫೈನಾನ್ಸ್ ಕಂಪನಿಗೆಂದು ಮನೆಮನೆಯಿಂದ ವಸೂಲು ಮಾಡಿ ತಂದ ಕಂತಿನ ದುಡ್ಡು, ಎಲ್ಲಕ್ಕೂ ಅದೇ ಗತಿ. ಹುಡುಗನ ಮನಸ್ಸಿನಲ್ಲಿ ಇದು ಕಳ್ಳತನವಲ್ಲ, ಕೈಗಡ. ಗೆದ್ದು ನಾಳೆ ತಂದಿಟ್ಟರಾಯಿತು! ಜೂಜಿನ ಚಟದಿಂದ ಹುಟ್ಟುವ ಅಪರಾಧಗಳಲ್ಲಿ ಹೆಚ್ಚಿನವು ಹೀಗೆ ನಂಬಿದವರ ಮನೆಯಲ್ಲಿ, ಕೆಲಸ ಕೊಟ್ಟವರ ಗಲ್ಲಾಪೆಟ್ಟಿಗೆಯಲ್ಲಿ, ಸದ್ದಿಲ್ಲದೆ ಆಗುವಂಥವು. ಸರಗಳ್ಳತನ, ಬೈಕ್ ಕಳವು ಬರುವುದು ಹತ್ತಿರದವರ ಹಣವೆಲ್ಲ ತೀರಿದ ಮೇಲೆ.

ಇದೇನೂ ಹೊಸ ಕಂಡುಹಿಡಿತವಲ್ಲ. ಋಗ್ವೇದದ 10ನೇ ಮಂಡಲದ 34ನೇ ಸೂಕ್ತ ಜೂಜುಕೋರನೊಬ್ಬನ ಅಳಲು. ಹೆಂಡತಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ. ಸಾಲಕ್ಕೆ ಸಿಕ್ಕಿದ ಅವನು ಹಣಕ್ಕಾಗಿ ರಾತ್ರಿ ಹೊತ್ತು ಅಂಜುತ್ತ ಅನ್ಯರ ಮನೆಯತ್ತ ಹೋಗುವ ಚಿತ್ರವೂ ಅಲ್ಲಿದೆ.

ವೈದ್ಯರು ಇದನ್ನು ಕಾಯಿಲೆ ಎಂದು ಒಪ್ಪಲು ಬಹಳ ಕಾಲ ಹಿಡಿಯಿತು. ಅಮೆರಿಕದ ಮನೋವೈದ್ಯ ರಾಬರ್ಟ್ ಕಸ್ಟರ್ 1972ರಲ್ಲಿ ಓಹಾಯೋದ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಜೂಜುಕೋರರಿಗೆಂದೇ ಚಿಕಿತ್ಸೆ ಆರಂಭಿಸಿದರು. ಗೆಲುವಿನ ಕಾಲ, ಸೋಲಿನ ಕಾಲ, ಹತಾಶೆಯ ಕಾಲ ಎಂದು ಅವರು ಚಟಕ್ಕೆ ಮೂರು ಘಟ್ಟ ಗುರುತಿಸಿದರು. ಕಳವು, ಖೋಟಾ ಸಹಿ ಬರುವುದು ಮೂರನೆಯದರಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಜೂಜಿನ ಚಟವನ್ನು ಕಾಯಿಲೆಯಾಗಿ ಸೇರಿಸಿಕೊಂಡಿತು. 1994ರ ಆವೃತ್ತಿಯಲ್ಲಿ ಹಣಕ್ಕಾಗಿ ಮಾಡುವ ಅಪರಾಧವೂ ಒಂದು ಲಕ್ಷಣವಾಗಿತ್ತು. 2013ರಲ್ಲಿ ಅದನ್ನು ಕೈಬಿಟ್ಟರು. ಕದಿಯುವಷ್ಟು ದೂರ ಹೋದವನಲ್ಲಿ ಉಳಿದ ಲಕ್ಷಣಗಳು ಅದಾಗಲೇ ಎದ್ದು ಕಾಣುತ್ತಿರುತ್ತವೆ. ರೋಗ ಗುರುತಿಸಲು ಕಳವಿನವರೆಗೆ ಕಾಯಬೇಕಿಲ್ಲ!

ಕಾನೂನು ಕೇಳುತ್ತ ಬಂದ ಪ್ರಶ್ನೆ ಬೇರೆ: ಆಟ ಜಾಣ್ಮೆಯದೋ, ಅದೃಷ್ಟದ್ದೋ? ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಜಾಣ್ಮೆಯ ಆಟದಲ್ಲಿ ಸೋತ ಹುಡುಗನ ಸಾಲ ಮಾತ್ರ ಅದೃಷ್ಟದ ಆಟದಲ್ಲಿ ಸೋತವನ ಸಾಲದಷ್ಟೇ ಭಾರ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಈ ಭೇದವನ್ನೇ ಬಿಟ್ಟಿತು. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಇಂಥ ಆಟಗಳಲ್ಲಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಕೇಂದ್ರ ಸರ್ಕಾರದ ಅಂದಾಜಾಗಿತ್ತು. ಆಡಿದ್ದಕ್ಕೆ ಶಿಕ್ಷೆಯಿಲ್ಲದಿದ್ದರೂ ಆಟಕ್ಕಾಗಿ ಕದ್ದದ್ದಕ್ಕೆ, ವಂಚಿಸಿದ್ದಕ್ಕೆ ಉಂಟು. (ಬೈಗುಳವಾಗಿ ಉಳಿದ ‘ಫೋರ್ ಟ್ವೆಂಟಿ’ 2024ರ ಜುಲೈಯಿಂದ ನ್ಯಾಯ ಸಂಹಿತೆಯ 318ನೇ ಕಲಮಾಗಿದೆ.) ಇಪ್ಪತ್ತೆರಡರ ಹುಡುಗನ ಹೆಸರಿನಲ್ಲಿ ಒಂದು ಎಫ್‌ಐಆರ್ ದಾಖಲಾಯಿತೆಂದರೆ ಸರ್ಕಾರಿ ಕೆಲಸ, ಪಾಸ್‌ಪೋರ್ಟು ಎರಡಕ್ಕೂ ತೊಡಕು.

ಆ ಎಫ್‌ಐಆರ್ ತಪ್ಪಿಸಲೆಂದೇ ಮನೆಯವರು ಓಡಾಡುತ್ತಾರೆ. ಮಾನ ಹೋಗಬಾರದಲ್ಲ! ಅಪ್ಪ ಅರ್ಧ ಎಕರೆ ಮಾರುತ್ತಾನೆ, ಅಕ್ಕ ಬಳೆ ಬಿಚ್ಚಿಕೊಡುತ್ತಾಳೆ, ಹುಡುಗ ದೇವರ ಮುಂದೆ ಕರ್ಪೂರ ಮುಟ್ಟಿ ಆಣೆ ಹಾಕುತ್ತಾನೆ. ಆ ಕ್ಷಣದಲ್ಲಿ ಅವನ ಪಶ್ಚಾತ್ತಾಪ ನಾಟಕವಲ್ಲ. ಆದರೆ ಸಾಲ ತೀರಿದ ಮನುಷ್ಯನಿಗೆ ಮತ್ತೆ ಸಾಲ ಹುಟ್ಟುತ್ತದೆ. ಹೀಗೆ ಇನ್ನೊಬ್ಬರಿಂದ ಸಾಲ ತೀರಿಸಿಕೊಳ್ಳುವುದನ್ನೂ ವೈದ್ಯರು ರೋಗಲಕ್ಷಣಗಳ ಪಟ್ಟಿಯಲ್ಲೇ ಇಟ್ಟಿದ್ದಾರೆ. ‘ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ ಬಿಡಿ’ ಎನ್ನುವ ಹಿರಿಯರಂತೂ ಇನ್ನೊಂದು ಮನೆಯ ಒಡವೆಗೆ ದಾರಿ ತೋರಿಸುತ್ತಾರೆ, ಅಷ್ಟೆ.

ಮೊಬೈಲಿಗೆ ಅಂಟಿದ ಇಂಥ ಚಟಗಳಿಗೆಂದು ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ತೆರೆಯಿತು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಲಗಾರರ ಕಾಟದಲ್ಲಿ ಹುಡುಗ ‘ನಾನಿದ್ದೇನು ಪ್ರಯೋಜನ’ ಎಂದು ಗೊಣಗತೊಡಗಿದರೆ ಆ ಕರೆ ಅಂದೇ ಆಗಬೇಕು. ಚಿಕಿತ್ಸೆ ಬಹುಪಾಲು ಮಾತಿನದು. ಅದರ ಜೊತೆಗೆ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು ಕೆಲಕಾಲ ಮನೆಯ ಇನ್ನೊಬ್ಬರ ಕೈಗೆ ಹೋಗಬೇಕಾಗುತ್ತದೆ. ಒಂದು ಹಾಳೆಯ ಮೇಲೆ ಎಲ್ಲ ಸಾಲವನ್ನೂ ಬರೆಸಬೇಕು, ತೀರಿಸಬೇಕಾದವನು ಅವನೇ, ಕಂತು ಕಂತಾಗಿ. ಮೊದಲ ಸಲ ಬರೆದ ಹಾಳೆಯಲ್ಲಿ ಎಲ್ಲವೂ ಇರುವುದು ಅಪರೂಪ. ಗಿರವಿಯ ಚೀಟಿಗಳು, ಗೆಳೆಯರ ಹೆಸರುಗಳು ಹೊರಬರುವುದು ಹೆಚ್ಚಾಗಿ ಎರಡನೆಯ, ಮೂರನೆಯ ಹಾಳೆಯಲ್ಲಿ. ಅಲ್ಲಿಯವರೆಗೆ ಜಮೀನಿನ ಪತ್ರ ಬೀರುವಿನಲ್ಲೇ ಇರಲಿ.