ಹೆಸರಾದವರ ಪುಸ್ತಕ: ರಟ್ಟು ಚೆಂದ, ಒಳಗೆ?

ಮಧ್ಯಾಹ್ನ ಅಡಿಗೆಮನೆ ಕೆಲಸ ಮುಗಿದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು ನಿಮಗೆ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಆ ಹೊತ್ತಿನಲ್ಲಿ ಕೈಗೆತ್ತಿಕೊಂಡ ಪುಸ್ತಕ ಮನಸ್ಸಿಗೆ ಹಿಡಿಸಬೇಕು ಅಂತ ಬಯಸುವುದರಲ್ಲಿ ತಪ್ಪೇನಿದೆ? ಅದರಲ್ಲೂ ರಟ್ಟಿನ ಮೇಲೆ ನೀವು ಮೆಚ್ಚಿದ ನಟಿಯ ನಗುಮುಖವೋ, ಮನೆಮಂದಿಯೆಲ್ಲ ಕೂತು ಆಟ ನೋಡಿದ ಕ್ರಿಕೆಟಿಗನ ಚಿತ್ರವೋ ಇದ್ದರಂತೂ ಆಸೆ ಇಮ್ಮಡಿಸುತ್ತದೆ. ಇವರು ಮನೆಯಲ್ಲಿ ಹೇಗಿರ್ತಾರೋ, ಕಷ್ಟ ಬಂದಾಗ ಏನು ಮಾಡಿದರೋ, ಮದುವೆ ಹೇಗಾಯಿತೋ ಎಂದು ನೂರು ಕುತೂಹಲ. ನಾನೂರು ಐನೂರು ರೂಪಾಯಿ ಕೊಟ್ಟು ತಂದೂ ಬಿಡುತ್ತೇವೆ.

ಓದಿ ಮುಗಿಸಿದಾಗ? ಎಷ್ಟೋ ಸಲ "ಅಯ್ಯೋ, ಇಷ್ಟೇನಾ?" ಅನ್ನಿಸುತ್ತದೆ. ಒಗ್ಗರಣೆಯ ಘಮ ಬೀದಿವರೆಗೂ ಬಂದು, ತಟ್ಟೆಗೆ ಬಿದ್ದ ಸಾರು ಸಪ್ಪೆಯಾದ ಹಾಗೆ. ಇನ್ನು ಕೆಲವು ಪುಸ್ತಕಗಳು ಓದಿ ಎಷ್ಟು ದಿನವಾದರೂ ಮನಸ್ಸಿನಿಂದ ಇಳಿಯುವುದಿಲ್ಲ. ಎರಡೂ ಹೆಸರಾದವರದೇ ಪುಸ್ತಕ. ಮತ್ತೇಕೆ ಈ ವ್ಯತ್ಯಾಸ? ಸ್ವಲ್ಪ ವಿಚಾರ ಮಾಡೋಣ.

ಬರೆದವರು ಯಾರು?

ಮೊದಲು ಒಂದು ಗುಟ್ಟು. ಹೆಸರಾದವರ ಪುಸ್ತಕಗಳಲ್ಲಿ ಎಷ್ಟೋ ಅವರೇ ಕೂತು ಬರೆದವಲ್ಲ. ಅವರು ಹೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿಯ ಪ್ರಸಂಗವಂತೂ ನಗೆ ತರಿಸುವಂಥದ್ದು. 1990ರ ದಶಕದ ಮೊದಲಲ್ಲಿ ಆತನ ಆತ್ಮಕಥೆ ಬಂತು. ಅದರಲ್ಲಿದ್ದ ಕೆಲವು ಮಾತುಗಳ ಬಗ್ಗೆ ಗಲಾಟೆಯಾದಾಗ, "ನಾನು ಹೇಳಿದ್ದನ್ನು ಇದರಲ್ಲಿ ತಪ್ಪಾಗಿ ಬರೆದಿದ್ದಾರೆ" ಅಂದುಬಿಟ್ಟ! ತನ್ನದೇ ಆತ್ಮಕಥೆಯ ಬಗ್ಗೆ!

ಹಾಗಂತ ಬೇರೆಯವರು ಬರೆದದ್ದೆಲ್ಲ ಕಳಪೆ ಎಂದು ತಿಳಿಯಬೇಡಿ. ರಂಗಭೂಮಿಯ ಬಿ.ವಿ. ಕಾರಂತರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಪುಸ್ತಕವನ್ನು ನಿರೂಪಿಸಿದವರು ನಮ್ಮ ವೈದೇಹಿ. ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಹುಡುಗ ದೇಶವೇ ಕೊಂಡಾಡುವ ರಂಗನಿರ್ದೇಶಕನಾದ ಕಥೆ ಅದು. 2002ರಲ್ಲಿ ಕಾರಂತರು ತೀರಿಕೊಂಡರು. ಅವರ ನೆನಪುಗಳು ಕನ್ನಡಿಗರಿಗೆ ಪುಸ್ತಕವಾಗಿ ಉಳಿದದ್ದು ಕೇಳಿಸಿಕೊಂಡು ಬರೆದ ಆ ಹೆಣ್ಣುಮಗಳ ತಾಳ್ಮೆಯಿಂದ. ಟೆನ್ನಿಸ್ ಆಟಗಾರ ಆಂದ್ರೆ ಅಗಾಸಿಯ 'ಓಪನ್' (2009) ಪುಸ್ತಕಕ್ಕೂ ಜೆ.ಆರ್. ಮೊಹ್ರಿಂಗರ್ ಎಂಬ ಪಳಗಿದ ಪತ್ರಕರ್ತನ ಕೈ ತಗುಲಿತ್ತು. ಆದರೆ ಹೇಳುವವನು ಮನಸ್ಸು ಬಿಚ್ಚಿ ಹೇಳಿದ್ದ. ತನಗೆ ಟೆನ್ನಿಸ್ ಕಂಡರೇ ಆಗುತ್ತಿರಲಿಲ್ಲ, ಅಪ್ಪನ ಬಲವಂತಕ್ಕೆ ಆಡಿದೆ. 1990ರ ಫ್ರೆಂಚ್ ಓಪನ್ ಫೈನಲಿನಲ್ಲಿ ತಲೆಯ ಮೇಲಿನ ಕೃತಕ ಕೂದಲು ಎಲ್ಲಿ ಕಳಚಿ ಬೀಳುತ್ತದೋ ಎಂದು ಹೆದರುತ್ತಲೇ ಆಡಿದೆ ಎಂದೆಲ್ಲ ಒಪ್ಪಿಕೊಂಡ. ಓದಿದವರು ಆತನನ್ನು ಇನ್ನಷ್ಟು ಇಷ್ಟಪಟ್ಟರೇ ಹೊರತು ಹೀಗಳೆಯಲಿಲ್ಲ.

ಸಚಿನ್ ತೆಂಡೂಲ್ಕರರ 'ಪ್ಲೇಯಿಂಗ್ ಇಟ್ ಮೈ ವೇ' 2014ರಲ್ಲಿ ಬಂದಾಗ ಇದರ ತದ್ವಿರುದ್ಧ. ಅದಕ್ಕೂ ಬೋರಿಯಾ ಮಜುಂದಾರ್ ಎಂಬ ಸಹಲೇಖಕರಿದ್ದರು. ಜನ ಮುಗಿಬಿದ್ದು ಕೊಂಡರು. ಆದರೆ ಪಂದ್ಯಗಳ ವಿವರ ಬೇಕಾದಷ್ಟಿದೆ, 2000ದಲ್ಲಿ ಭಾರತದ ಕ್ರಿಕೆಟ್ಟನ್ನೇ ನಡುಗಿಸಿದ ಮ್ಯಾಚ್ ಫಿಕ್ಸಿಂಗ್ ವಿಷಯಕ್ಕೆ ಮಾತ್ರ ಬಾಯಿ ಬಿಟ್ಟಿಲ್ಲ ಎಂದು ವಿಮರ್ಶಕರು ದೂರಿದರು. ಲೇಖನಿ ಯಾರ ಕೈಯಲ್ಲಿತ್ತು ಎನ್ನುವುದಕ್ಕಿಂತ, ಹೇಳುವವರಿಗೆ ಹೇಳುವ ಮನಸ್ಸಿತ್ತೇ ಎನ್ನುವುದೇ ಮುಖ್ಯ, ಅಲ್ಲವೇ?

ಬಾಲ್ಯದ ಪುಟಗಳೇ ಏಕೆ ಚೆನ್ನ?

ಇಂಥ ಪುಸ್ತಕಗಳನ್ನು ನಾಲ್ಕಾರು ಓದಿದವರಿಗೆ ಒಂದು ಸಂಗತಿ ಹೊಳೆದಿರುತ್ತದೆ. ಮೊದಲ ಭಾಗ ಬಹಳ ಚೆನ್ನಾಗಿರುತ್ತದೆ, ಹೆಸರು ಬಂದ ಮೇಲಿನ ಭಾಗ ಬೇಜಾರು ಹುಟ್ಟಿಸುತ್ತದೆ.

ನಮ್ಮನ್ನೆಲ್ಲ ನಗಿಸಿದ ಚಾರ್ಲಿ ಚಾಪ್ಲಿನ್ 1964ರಲ್ಲಿ ತನ್ನ ಆತ್ಮಕಥೆ ಪ್ರಕಟಿಸಿದ. ಅದರ ಮೊದಲ ಅಧ್ಯಾಯಗಳನ್ನು ಓದಿದರೆ ಕಣ್ಣು ಒದ್ದೆಯಾಗುತ್ತದೆ. ತಾಯಿ ಹಾಡುಗಾರ್ತಿ. ಒಂದು ರಾತ್ರಿ ವೇದಿಕೆಯ ಮೇಲೆ ಆಕೆಯ ಗಂಟಲು ಕಟ್ಟಿಹೋಗುತ್ತದೆ, ಜನ ಕೂಗಾಡುತ್ತಾರೆ. ಐದು ವರ್ಷದ ಚಾರ್ಲಿಯನ್ನು ಆಕೆಯ ಬದಲಿಗೆ ಮುಂದಕ್ಕೆ ತಳ್ಳುತ್ತಾರೆ. ಹುಡುಗ ಹಾಡುತ್ತಾನೆ, ಜನ ಕಾಸು ಎಸೆಯುತ್ತಾರೆ, ಮೊದಲು ಕಾಸು ಆರಿಸಿಕೊಳ್ತೀನಿ, ಆಮೇಲೆ ಹಾಡ್ತೀನಿ ಎಂದು ಹಾಡು ನಿಲ್ಲಿಸಿಬಿಡುತ್ತಾನೆ! ಮುಂದೆ ಆ ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕುತ್ತಾಳೆ. ಕಿಟಕಿಯಲ್ಲಿ ಕೂತು ದಾರಿಹೋಕರ ನಡಿಗೆಯನ್ನೆಲ್ಲ ಅನುಕರಿಸಿ ತೋರಿಸುತ್ತಾಳೆ. ಜನರನ್ನು ಗಮನಿಸಿ ಅಭಿನಯಿಸುವ ವಿದ್ಯೆಯನ್ನು ಚಾರ್ಲಿ ಕಲಿತದ್ದು ಹಾಗೆ. ಕೊನೆಗೆ ಅನಾಥರಂತೆ ಸರ್ಕಾರಿ ಬಡವರ ಮನೆ ಸೇರಬೇಕಾಗುತ್ತದೆ.

ಅದೇ ಪುಸ್ತಕದ ಕೊನೆಯ ಭಾಗಕ್ಕೆ ಬನ್ನಿ. ಐನ್‌ಸ್ಟೀನರ ಭೇಟಿ, ಚರ್ಚಿಲರ ಭೇಟಿ, 1931ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಂಧೀಜಿಯವರ ಭೇಟಿ. ದೊಡ್ಡವರ ಹೆಸರು ಸಾಲುಸಾಲು. ಮದುವೆ ಮನೆಯಲ್ಲಿ ಬಂದವರ ಪಟ್ಟಿ ಓದಿದ ಹಾಗೆ!

ಕಾರಣ ಸುಲಭ. ಬಡತನದಲ್ಲಿದ್ದಾಗ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಹೆಸರು ಬಂದ ಮೇಲೆ ಅದನ್ನು ಕಾಯಬೇಕಲ್ಲ. ಜೊತೆಗಿದ್ದವರು ಬದುಕಿರುತ್ತಾರೆ, ಕೋರ್ಟು ಕಚೇರಿಯ ಭಯ, ಮುಂದಿನ ಅವಕಾಶದ ಚಿಂತೆ. ಲೇಖನಿ ತಾನಾಗಿಯೇ ಬಿಗಿಯುತ್ತದೆ.

ಹೆಂಡತಿ ಎಲ್ಲಿ ಹೋದಳು?

ಚಾಪ್ಲಿನ್ನನ ಪುಸ್ತಕದಲ್ಲಿ ಇನ್ನೊಂದು ಸಂಗತಿಯಿದೆ. 1924ರಲ್ಲಿ ಆತ ಲೀಟಾ ಗ್ರೇ ಎಂಬ ಹದಿನಾರು ವರ್ಷದ ಹುಡುಗಿಯನ್ನು ಮದುವೆಯಾದ. ಎರಡು ಗಂಡುಮಕ್ಕಳಾದವು. 1927ರಲ್ಲಿ ವಿಚ್ಛೇದನವೂ ಆಯಿತು. ಅಷ್ಟು ದಪ್ಪದ ಪುಸ್ತಕದಲ್ಲಿ ಆ ಮದುವೆಗೆ ಸಿಕ್ಕಿರುವುದು ಕೆಲವೇ ಸಾಲು. ಬೆಳೆದ ಮಕ್ಕಳಿದ್ದಾರೆ, ವಿವರ ಬೇಡ ಎಂದು ಮುಗಿಸಿಬಿಡುತ್ತಾನೆ. ಆಕೆಯ ಹೆಸರನ್ನು ಕೂಡ ಹೇಳುವುದಿಲ್ಲ. ಎರಡೇ ವರ್ಷದಲ್ಲಿ, 1966ರಲ್ಲಿ, ಲೀಟಾ ತನ್ನದೇ ಪುಸ್ತಕ ತಂದು ತನ್ನ ಕಡೆಯ ಮಾತು ಹೇಳಿದಳು. ಯಾರು ಸರಿ, ಯಾರು ತಪ್ಪು ಎಂಬ ಪಂಚಾಯಿತಿ ನಮಗೆ ಬೇಡ. ಆದರೆ ಒಂದೇ ಸಂಸಾರಕ್ಕೆ ಎರಡು ಕಥೆ ಇರುತ್ತದೆ ಎನ್ನುವುದು ಸಂಸಾರ ಮಾಡಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲವೇ?

ಈ ವಿಷಯದಲ್ಲಿ ಕನ್ನಡದ ಓದುಗರು ಪುಣ್ಯವಂತರು. ಪಿ. ಲಂಕೇಶರು 'ಹುಳಿಮಾವಿನ ಮರ' ಎಂದು ಆತ್ಮಕಥೆ ಬರೆದರು. ಪತ್ರಿಕೆಯಿಂದ ಹೆಸರಾದ ಆ ಖಡಕ್ ಮನುಷ್ಯನ ಜೊತೆ ಬಾಳಿದವರು, ಸೀರೆ ವ್ಯಾಪಾರ ಮಾಡಿ ಸಂಸಾರಕ್ಕೆ ಆಸರೆಯಾದವರು ಇಂದಿರಾ ಲಂಕೇಶ್. ಗಂಡ ತೀರಿಕೊಂಡ ಮೇಲೆ ಅವರೂ ಪುಸ್ತಕ ತಂದರು. ಅದರ ಹೆಸರು 'ಹುಳಿಮಾವು ಮತ್ತು ನಾನು'. ಹೆಸರಿನಲ್ಲೇ ಎಷ್ಟು ಮಾತಿದೆ ನೋಡಿ! ಹಾಗೆಯೇ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಂಡ ನಂತರ ರಾಜೇಶ್ವರಿ ತೇಜಸ್ವಿ 'ನನ್ನ ತೇಜಸ್ವಿ' ಬರೆದರು. ಮೈಸೂರಿನ ಓದಿನ ದಿನಗಳಿಂದ ಹಿಡಿದು ಮೂಡಿಗೆರೆಯ ಕಾಫಿ ತೋಟದ ಸಂಸಾರದವರೆಗೆ, 'ಕರ್ವಾಲೊ' ಬರೆದ ಆ ಲೇಖಕ ಮನೆಯೊಳಗೆ ಹೇಗಿದ್ದರು ಎನ್ನುವುದು ಹೆಂಡತಿಯ ಮಾತಿನಲ್ಲೇ ಸಿಗುತ್ತದೆ. ಇಂಥ ಪುಸ್ತಕಗಳನ್ನು ಜೋಡಿಯಾಗಿ ಓದಿ. ಒಂದು ಪುಸ್ತಕದಲ್ಲಿ ಅರ್ಧ ಸಾಲಿನಲ್ಲಿ ಸರಿದು ಹೋದದ್ದು ಇನ್ನೊಂದರಲ್ಲಿ ನಾಲ್ಕು ಪುಟವಾಗಿರುವುದು ಕಾಣುತ್ತದೆ.

ತಾಯಿಯ ಋಣವನ್ನು ಮರೆಯದ ಪುಸ್ತಕವೂ ನಮ್ಮಲ್ಲಿದೆ. ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' (2011) ಆರಂಭವಾಗುವುದೇ ಬೆಚ್ಚಿಬೀಳಿಸುವ ಮಾತಿನಿಂದ. ಹೊಟ್ಟೆಯಲ್ಲಿದ್ದಾಗ ಈ ಮಗು ಬೇಡವೆಂದು ತೀರ್ಮಾನಿಸಿ ತಾಯಿ ಪುಣೆಯ ದವಾಖಾನೆಗೆ ಹೋಗಿದ್ದರಂತೆ. ಡಾಕ್ಟರಮ್ಮ ಆ ದಿನ ಬರಲೇ ಇಲ್ಲ. ಕಾದು ಕಾದು ತಾಯಿ ವಾಪಸು ಬಂದರು. ಹುಟ್ಟಿದ ಮಗ ನಾಡಿಗೇ ಹೆಸರಾದ. ದೊಡ್ಡವನಾದ ಮೇಲೆ ಊಟಕ್ಕೆ ಕೂತಾಗ ತಾಯಿಯ ಬಾಯಿಂದಲೇ ಇದನ್ನು ಕೇಳಿದ ಕಾರ್ನಾಡರು, ಅಂದು ಬಾರದೇ ಹೋದ ಆ ಡಾಕ್ಟರಮ್ಮನಿಗೇ ಪುಸ್ತಕವನ್ನು ಅರ್ಪಿಸಿದ್ದಾರೆ! ಆ ತಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಕೈಯಲ್ಲಿ ಮಗುವಿಟ್ಟುಕೊಂಡು ನರ್ಸ್ ಕೆಲಸ ಕಲಿತು, ಜನರ ಬಾಯಿಗೆ ಹೆದರದೆ ಮರುಮದುವೆಯಾದವರು. ಮಗ ಅದನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದರು.

ಎಲ್ಲ ಹೇಳಿಬಿಟ್ಟರೆ ಸಾಕೇ?

ಹಾಗಾದರೆ ಏನನ್ನೂ ಬಿಡದೆ ಹೇಳುವುದೇ ಒಳ್ಳೆಯ ಪುಸ್ತಕವೇ? ಇಲ್ಲಿ ಕೊಂಚ ನಿಲ್ಲಬೇಕು.

ಮರಾಠಿ ನಟಿ ಹಂಸಾ ವಾಡಕರ್ ತಮ್ಮ ಬದುಕನ್ನು ಪತ್ರಕರ್ತ ಅರುಣ್ ಸಾಧು ಅವರ ಮುಂದೆ ಹೇಳಿಕೊಂಡರು. 1970ರಲ್ಲಿ ಅದು 'ಸಾಂಗತ್ಯೇ ಐಕಾ', ಅಂದರೆ 'ಹೇಳ್ತೀನಿ ಕೇಳಿ', ಎಂಬ ಪುಸ್ತಕವಾಯಿತು. ಮನೆ ನಡೆಸಲು ಎಳೆಯ ವಯಸ್ಸಿನಲ್ಲೇ ಬಣ್ಣ ಹಚ್ಚಿದ್ದು, ದುಡಿಮೆಯೆಲ್ಲ ಬೇರೆಯವರ ಪಾಲಾದದ್ದು, ಕುಡಿತ, ತಾನು ಎಡವಿದ್ದು, ಯಾವುದನ್ನೂ ಆಕೆ ಬಣ್ಣ ಹಚ್ಚಿ ಹೇಳಲಿಲ್ಲ. ಶ್ಯಾಮ್ ಬೆನಗಲ್ ಅದನ್ನು ಆಧರಿಸಿ 1977ರಲ್ಲಿ 'ಭೂಮಿಕಾ' ಚಿತ್ರ ಮಾಡಿದರು. ಆ ಪಾತ್ರಕ್ಕೆ ಸ್ಮಿತಾ ಪಾಟೀಲರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಂಸಾ ಮಾತ್ರ 1971ರಲ್ಲೇ ತೀರಿಕೊಂಡಿದ್ದರು.

ಇನ್ನೊಂದು ಕಡೆ ನೋಡಿ. 2017ರಲ್ಲಿ ಹಿಂದಿ ನಟ ನವಾಜುದ್ದೀನ್ ಸಿದ್ದಿಕಿ ಆತ್ಮಕಥೆ ತಂದರು. ಅದರಲ್ಲಿ ತಮಗೆ ಹತ್ತಿರವಾಗಿದ್ದ ಹೆಂಗಸರ ವಿಷಯವನ್ನು ಹೆಸರು ಸಹಿತ ಬರೆದಿದ್ದರು. "ನಮ್ಮನ್ನು ಒಂದು ಮಾತು ಕೇಳದೆ ಹೀಗೆ ಬರೆಯಬಹುದೇ? ಬರೆದದ್ದೂ ನಿಜವಲ್ಲ" ಎಂದು ಆ ಹೆಂಗಸರು ಪ್ರತಿಭಟಿಸಿದರು. ಕೊನೆಗೆ ಅವರು ಕ್ಷಮೆ ಕೇಳಿ ಪುಸ್ತಕವನ್ನೇ ಹಿಂದಕ್ಕೆ ಪಡೆದರು.

ಇಬ್ಬರೂ ಖಾಸಗಿ ಮಾತನ್ನೇ ಹೇಳಿದರು. ಆದರೆ ಹಂಸಾ ತೆರೆದಿಟ್ಟದ್ದು ತನ್ನ ಮನೆಯ ಬಾಗಿಲನ್ನು, ಈತ ತೆರೆದದ್ದು ಪರರ ಮನೆಯ ಬಾಗಿಲನ್ನು. ತನ್ನ ಹುಳುಕು ತಾನು ಹೇಳುವುದಕ್ಕೆ ಎದೆಗಾರಿಕೆ ಬೇಕು. ಪರರ ಗುಟ್ಟು ಬಯಲು ಮಾಡುವುದಕ್ಕೆ ಅದೇನೂ ಬೇಕಿಲ್ಲ. ನಲ್ಲಿಕಟ್ಟೆಯ ಹತ್ತಿರ ದಿನವೂ ನಡೆಯುವುದಿಲ್ಲವೇ!

ಕೊಳ್ಳುವ ಮೊದಲು ಐದು ನಿಮಿಷ

ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಅಂಚು ಮುಟ್ಟಿ ನೋಡುವುದಿಲ್ಲವೇ? ಪುಸ್ತಕವನ್ನೂ ಹಾಗೆಯೇ ನೋಡಿ.

1. ಒಳಪುಟದಲ್ಲಿ 'ನಿರೂಪಣೆ' ಎಂದು ಯಾರದಾದರೂ ಹೆಸರಿದೆಯೇ ನೋಡಿ. ಇದ್ದರೆ ಒಳ್ಳೆಯ ಲಕ್ಷಣ. ಬರೆದವರ ಶ್ರಮವನ್ನು ಮುಚ್ಚಿಡದವರು ಮಿಕ್ಕದ್ದನ್ನೂ ನೇರವಾಗಿ ಹೇಳುವ ಸಂಭವ ಹೆಚ್ಚು.

2. ಫೋಟೋ ಪುಟಗಳನ್ನು ತಿರುವಿ. ಬರೀ ಹಾರ, ಶಾಲು, ಮಂತ್ರಿಗಳೇ ಇದ್ದರೆ ಒಳಗಿನ ಬರಹವೂ ಹೆಚ್ಚು ಕಡಿಮೆ ಅದೇ. ಹಳೆಯ ಮನೆ, ತಾಯಿ, ಜೊತೆಗೆ ದುಡಿದವರ ಚಿತ್ರಗಳಿದ್ದರೆ ಆಸೆ ಇಟ್ಟುಕೊಳ್ಳಬಹುದು.

3. ಅವರು ಸೋತದ್ದು ನಿಮಗೆ ಗೊತ್ತಿದ್ದರೆ (ಮಕಾಡೆ ಮಲಗಿದ ಸಿನಿಮಾ, ತಂಡದಿಂದ ಕೈಬಿಟ್ಟ ವರ್ಷ) ಆ ಭಾಗವನ್ನೇ ತೆರೆದು ಓದಿ. ಎಲ್ಲ ತಪ್ಪೂ ಬೇರೆಯವರದೇ ಆಗಿದ್ದರೆ ಪುಸ್ತಕವನ್ನು ಮೆಲ್ಲಗೆ ಕೆಳಗಿಡಿ.

4. ಇದು ಬಹಳ ಮುಖ್ಯ. ಪುಸ್ತಕದಲ್ಲಿ ಮನೆ ಎಲ್ಲಿದೆ ಎಂದು ಹುಡುಕಿ. ಅವರು ಊರೂರು ಸುತ್ತುತ್ತಿದ್ದಾಗ ಒಲೆ ಹಚ್ಚಿದವರು ಯಾರು, ಮಕ್ಕಳ ಜ್ವರಕ್ಕೆ ರಾತ್ರಿ ಎದ್ದವರು ಯಾರು? ಇದಕ್ಕೆ ಉತ್ತರ ಸಿಗುವ ಪುಸ್ತಕ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಮೊದಲ ಪುಟದ ಕೃತಜ್ಞತೆಯ ಒಂದು ಸಾಲಿನಲ್ಲೇ ಆಕೆ ಮುಗಿದುಹೋಗಿದ್ದರೆ, ಆ ಬದುಕಿನ ಅರ್ಧ ಭಾಗ ನಿಮಗೆ ಸಿಗಲಿಲ್ಲ ಎಂದೇ ಅರ್ಥ.

5. ಮೊದಲು ಊರಿನ ಗ್ರಂಥಾಲಯದಲ್ಲಿ ಕೇಳಿ. ಸಿಗದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಪ್ರತಿ ಕೊಂಡು ಹಂಚಿಕೊಂಡು ಓದಿ. ದುಡ್ಡೂ ಉಳಿಯಿತು, ಮಾತಾಡುವುದಕ್ಕೆ ಒಳ್ಳೆಯ ವಿಷಯವೂ ಆಯಿತು.

ಕೊನೆಗೆ ಒಂದು ಮಾತು. ನೀವು ಮೆಚ್ಚಿದವರ ಪುಸ್ತಕ ಸಪ್ಪೆಯಾಯಿತೆಂದು ಅವರ ಮೇಲೇ ಬೇಸರ ಮಾಡಿಕೊಳ್ಳಬೇಡಿ. ಚೆನ್ನಾಗಿ ಹಾಡುವವರೆಲ್ಲ ಚೆನ್ನಾಗಿ ಬರೆಯಬೇಕೆಂದೇನಿಲ್ಲ. ಅವರ ಹಾಡು, ಅವರ ಆಟ, ಅವರ ಅಭಿನಯ ಹಾಗೆಯೇ ಇದೆ. ಆದರೆ ಯಾರಾದರೂ "ಪುಸ್ತಕ ಹೇಗಿದೆ?" ಎಂದು ಕೇಳಿದರೆ, ದೊಡ್ಡ ಹೆಸರಿಗೆ ಹೆದರಿ "ಚೆನ್ನಾಗಿದೆ" ಅನ್ನಬೇಡಿ. ಚೆನ್ನಾಗಿದ್ದರೆ ಯಾವ ಪುಟ ಚೆನ್ನಾಗಿದೆ ಅಂತ ಹೇಳಿ. ಇಲ್ಲದಿದ್ದರೆ ಇಲ್ಲ ಅನ್ನಿ. ಅಷ್ಟು ಹೇಳುವ ಹಕ್ಕು ಓದಿದ ನಿಮಗಿದೆ.